ಹಳೆಯ ರೇಡಿಯೋಗಳ ಡಯಲ್, ಮೀಟರ್ ಮುಖ ಮತ್ತು ನಾಮಫಲಕಗಳ ಮರುಸೃಷ್ಟಿ

ವಾಲ್ವ್ ಕಾಲದ ರೇಡಿಯೋ, ಟ್ರಾನ್ಸ್‌ಮಿಟರ್ ಮತ್ತು ಅಳತೆಯ ಉಪಕರಣಗಳ ಮುಖದ ಮೇಲಿನ ಗೀಟು, ಅಂಕಿ, ಅಕ್ಷರಗಳು ಅಳಿಸಿಹೋದಾಗ ಅವನ್ನು ಆಯಾ ಕಾಲದ ರೂಪದಲ್ಲೇ ಮತ್ತೆ ತಯಾರಿಸುವ ಕೆಲಸವಿದು. ಒಳಗಿನ ಕಂಡೆನ್ಸರ್, ರೆಸಿಸ್ಟರ್ ಕೆಟ್ಟರೆ ಇಂದಿಗೂ ಬದಲಿ ಸಿಗುತ್ತದೆ. ಡಯಲ್ ಗಾಜು ಒಡೆದರೆ ಅದೇ ಮಾದರಿಯ ಇನ್ನೊಂದು ರೇಡಿಯೋ ಹುಡುಕಬೇಕು, ಇಲ್ಲವೇ ಗಾಜನ್ನೇ ಹೊಸದಾಗಿ ಮಾಡಬೇಕು. ನೋಡುವವರಿಗೆ ಇದು ಅಲಂಕಾರದ ಕೆಲಸ ಎನಿಸಬಹುದು. ಆದರೆ ಡಯಲ್ ಒಂದು ಅಳತೆಗೋಲೂ ಹೌದು, ಅದು ತಯಾರಾದ ವರ್ಷದ ದಾಖಲೆಯೂ ಹೌದು. ಈ ಎರಡರಲ್ಲಿ ಯಾವುದನ್ನು ಮರೆತರೂ ಕೈಗೆ ಬರುವುದು ಚಂದದ ಚಿತ್ರವಷ್ಟೇ.

1920ರ ದಶಕದ ಬಹುಪಾಲು ರೇಡಿಯೋಗಳಲ್ಲಿ ಕೇಂದ್ರಗಳ ಹೆಸರಾಗಲಿ ಆವರ್ತನವಾಗಲಿ ಇರುತ್ತಿರಲಿಲ್ಲ. ಬೇಕಲೈಟ್ ಗುಂಡಿಯ ಸುತ್ತ 0ಯಿಂದ 100ರವರೆಗೆ ಗೀಟುಗಳು, ಅಷ್ಟೇ. ಹಲವು ಸೆಟ್‌ಗಳಲ್ಲಿ ಇಂಥ ಮೂರು ಗುಂಡಿಗಳಿದ್ದವು. ಒಂದೊಂದು ಕೇಂದ್ರಕ್ಕೂ ಮೂರು ಅಂಕಿಗಳನ್ನು ಮನೆಯವರು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಎಲ್ಲ ಕಂಡೆನ್ಸರ್‌ಗಳನ್ನೂ ಒಂದೇ ದಂಡಕ್ಕೆ ಜೋಡಿಸಿದ ಗ್ಯಾಂಗ್ ಕಂಡೆನ್ಸರ್ ಬಳಕೆಗೆ ಬಂದಮೇಲೆ ಒಂದೇ ಗುಂಡಿ ಸಾಕಾಯಿತು, ಡಯಲ್ ಮೇಲೆ ಕಿಲೋಸೈಕಲ್ ಅಥವಾ ಮೀಟರ್ ಲೆಕ್ಕ ಕಾಣಿಸಿಕೊಂಡಿತು. 1930ರ ದಶಕದ ಯುರೋಪಿನ ಸೆಟ್‌ಗಳಲ್ಲಿ ಊರುಗಳ ಹೆಸರೂ ಬಂತು: ಹಿಲ್ವರ್ಸಮ್, ಲಕ್ಸೆಂಬರ್ಗ್, ಅಥ್ಲೋನ್, ಬೆರೊಮ್ಯೂನ್‌ಸ್ಟರ್. ಈ ಹೆಸರುಗಳನ್ನು ಗಾಜಿನ ಹಿಂಬದಿಗೆ ತಿರುವುಮುರುವಾಗಿ ಅಚ್ಚುಹಾಕಿ, ಅಂಚಿನಿಂದಲೋ ಹಿಂದಿನಿಂದಲೋ ಪುಟ್ಟ ಬಲ್ಬುಗಳ ಬೆಳಕು ಬೀಳುವಂತೆ ಮಾಡುತ್ತಿದ್ದರು. ಆ ಬಲ್ಬಿನ ಕಾವಿಗೇ ಬಣ್ಣ ಚಕ್ಕೆಚಕ್ಕೆಯಾಗಿ ಏಳುತ್ತದೆ. ಸೆಲ್ಯುಲಾಯ್ಡ್ ಡಯಲ್‌ಗಳ ಪಾಡು ಇನ್ನೂ ಕಷ್ಟ: ಹಳದಿಗಟ್ಟುತ್ತವೆ, ಕುಗ್ಗುತ್ತವೆ. ಕುಗ್ಗಿದ ಡಯಲನ್ನು ಹಾಗೇ ಸ್ಕ್ಯಾನ್ ಮಾಡಿದರೆ ತಪ್ಪು ಅಳತೆಯೇ ಹೊಸ ಡಯಲ್‌ಗೂ ಇಳಿಯುತ್ತದೆ.

ಹೆಸರುಗಳಿದ್ದ ಡಯಲ್‌ಗೆ ಆಯಸ್ಸು ಕಡಿಮೆ. ಯುರೋಪಿನಲ್ಲಿ ಆವರ್ತನ ಹಂಚಿಕೆಯ ಲುಸೆರ್ನ್ ಯೋಜನೆ 1934ರ ಜನವರಿಯಲ್ಲಿ, ಕೋಪನ್‌ಹೇಗನ್ ಯೋಜನೆ 1950ರ ಮಾರ್ಚ್‌ನಲ್ಲಿ ಡಯಲ್ ಮೇಲೆ ಕೇಂದ್ರಗಳ ಜಾಗಗಳನ್ನು ಬದಲಿಸಿದವು. ಉತ್ತರ ಅಮೆರಿಕದಲ್ಲಿ 1941ರ ಮಾರ್ಚ್ 29ರಂದು ಬಹುಪಾಲು ಕೇಂದ್ರಗಳು ಒಂದೇ ದಿನ ಆವರ್ತನ ಬದಲಿಸಿದವು, ಬಟನ್ ಒತ್ತಿ ಕೇಂದ್ರ ಹಿಡಿಯುವ ಸೆಟ್‌ಗಳನ್ನೆಲ್ಲ ಮತ್ತೆ ಹೊಂದಿಸಬೇಕಾಯಿತು. 1975ರ ಜಿನೀವಾ ಯೋಜನೆ 1978ರ ನವೆಂಬರ್ 23ರಂದು ಜಾರಿಗೆ ಬಂದಾಗ ಮಧ್ಯಮ ತರಂಗದ ಕೇಂದ್ರಗಳು ಒಂಬತ್ತರ ಗುಣಕಗಳಿಗೆ ಬಂದವು. ಈ ಯೋಜನೆ ಏಷ್ಯಾಕ್ಕೂ ಅನ್ವಯಿಸುತ್ತದೆ: ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್, ಧಾರವಾಡದ 765 ಎರಡೂ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತವೆ.

ಹೀಗಾಗಿ ಡಯಲ್ ಮಾಡುವವರು ಮೊದಲು ಇತ್ಯರ್ಥ ಮಾಡಬೇಕಾದದ್ದು ವರ್ಷ. ಅಮೆರಿಕದ ಡಯಲ್ ಮೇಲೆ 640 ಮತ್ತು 1240ರ ಬಳಿ ಪುಟ್ಟ ತ್ರಿಕೋನಗಳಿದ್ದರೆ ಅದು 1953ರಿಂದ 1963ರ ನಡುವಿನ ಸೆಟ್. ಅಣುದಾಳಿಯ ಭಯದ ದಿನಗಳಲ್ಲಿ ಕಾನೆಲ್ರಾಡ್ ಎಂಬ ನಾಗರಿಕ ರಕ್ಷಣಾ ಪ್ರಸಾರಕ್ಕೆ ಮೀಸಲಿಟ್ಟ ಜಾಗಗಳವು. ಹರ್ಟ್ಸ್ ಎಂಬ ಮಾನಕ್ಕೆ ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಸಮ್ಮೇಳನದ ಒಪ್ಪಿಗೆ ಸಿಕ್ಕಿದ್ದು 1960ರಲ್ಲಿ. 1938ರ ಅಮೆರಿಕನ್ ರೇಡಿಯೋಗೆ ಕಿಲೋಹರ್ಟ್ಸ್ ಎಂದು ಬರೆದ ಡಯಲ್ ಹಾಕಿದರೆ ತಿಳಿದವರು ದೂರದಿಂದಲೇ ನಗುತ್ತಾರೆ.

ಗೀಟುಗಳ ನಡುವಿನ ಅಂತರವನ್ನು ಕಣ್ಣಂದಾಜಿನಲ್ಲಿ ಇಡಲಾಗದು. ಆವರ್ತನವು ಕೆಪಾಸಿಟೆನ್ಸ್‌ನ ವರ್ಗಮೂಲಕ್ಕೆ ವಿಲೋಮವಾಗಿ ಬದಲಾಗುತ್ತದೆ. ಮಧ್ಯಮ ತರಂಗ ಸುಮಾರು ಮೂರುಪಟ್ಟು ವ್ಯಾಪಿಸುವುದರಿಂದ ಕೆಪಾಸಿಟೆನ್ಸ್ ಒಂಬತ್ತುಪಟ್ಟು ಬದಲಾಗಬೇಕು. ಕಂಡೆನ್ಸರ್‌ನ ತಗಡುಗಳು ಅರ್ಧವೃತ್ತವಾಗಿದ್ದರೆ ಮೇಲಿನ ಆವರ್ತನಗಳೆಲ್ಲ ಡಯಲ್‌ನ ಒಂದು ತುದಿಯಲ್ಲಿ ಗುಂಪುಗಟ್ಟುತ್ತವೆ. ತಗಡಿಗೆ ಬೇರೆ ಆಕಾರ ಕೊಟ್ಟರೆ ಸಮನಾಗಿ ಹರಡುತ್ತವೆ. ಒಳಗಿನ ಗ್ಯಾಂಗ್ ಬದಲಾಗಿದ್ದರೆ ಮೂಲ ಡಯಲ್‌ನ ನಿಖರ ನಕಲೂ ಸುಳ್ಳು ಹೇಳುತ್ತದೆ. ನ್ಯಾಷನಲ್ ಕಂಪನಿಯ ಎಚ್‌ಆರ್‌ಒ ರಿಸೀವರ್ ಈ ತೊಡಕನ್ನೇ ಪಕ್ಕಕ್ಕಿಟ್ಟಿತು. ಅದರ ಗುಂಡಿಯ ಕಿಟಕಿಗಳಲ್ಲಿ ಕಾಣುವುದು 0ಯಿಂದ 500ರವರೆಗಿನ ಅಂಕಿ ಮಾತ್ರ. ಆವರ್ತನ ತಿಳಿಯಲು, ಕಳಚಿ ಹಾಕುವ ಕಾಯಿಲ್ ಪೆಟ್ಟಿಗೆಯ ಮುಖಕ್ಕೆ ಅಂಟಿಸಿದ ಪುಟ್ಟ ನಕ್ಷೆ ನೋಡಬೇಕು. ಅಲ್ಲಿ ಮರುಸೃಷ್ಟಿ ಎಂದರೆ ಮುಖ್ಯವಾಗಿ ಆ ನಕ್ಷೆಗಳದ್ದೇ.

ಮೀಟರ್‌ಗಳ ಮಾತು ಬೇರೆ. ಎಡ್ವರ್ಡ್ ವೆಸ್ಟನ್ 1888ರಲ್ಲಿ ನ್ಯೂಜೆರ್ಸಿಯಲ್ಲಿ ಕಂಪನಿ ಕಟ್ಟಿ ಮಾರುಕಟ್ಟೆಗೆ ತಂದ ಚಲಿಸುವ ಸುರುಳಿಯ ಮೀಟರ್‌ನಲ್ಲಿ ಗೀಟುಗಳು ಸಮ ಅಂತರದಲ್ಲಿರುತ್ತವೆ. ಟ್ರಾನ್ಸ್‌ಮಿಟರ್‌ನ ಏರಿಯಲ್ ಕರೆಂಟ್ ಅಳೆಯುವ ಥರ್ಮೋಕಪಲ್ ಮೀಟರ್ ಹಾಗಲ್ಲ: ಮುಳ್ಳಿನ ಚಲನೆ ಕರೆಂಟ್‌ನ ವರ್ಗವನ್ನು ಅನುಸರಿಸುತ್ತದೆ. ಪೂರ್ಣ ಅಳತೆಯ ಅರ್ಧ ಕರೆಂಟ್ ಹರಿದಾಗ ಮುಳ್ಳು ಕಾಲು ದಾರಿ ಮಾತ್ರ ಬಂದಿರುತ್ತದೆ, ಎಡತುದಿಯ ಗೀಟುಗಳು ಒಂದರ ಮೇಲೊಂದು ಬಿದ್ದಂತಿರುತ್ತವೆ. ಪ್ರಸಾರ ಕೇಂದ್ರಗಳ ವಿಯು ಮೀಟರ್ ಬೆಲ್ ಲ್ಯಾಬ್ಸ್, ಸಿಬಿಎಸ್, ಎನ್‌ಬಿಸಿ ಸೇರಿ 1939ರಲ್ಲಿ ರೂಢಿಗೆ ತಂದದ್ದು. ಅದರ ಮುಖ ಬಿಳಿಯಲ್ಲ, ಕೆನೆಬಣ್ಣ, ಸೊನ್ನೆ ದಾಟಿದ ಮೇಲೆ ಕೆಂಪು ಕಮಾನು. ಅಚ್ಚ ಬಿಳಿ ಕಾಗದದಲ್ಲಿ ಮುದ್ರಿಸಿದ ನಕಲು ಎಷ್ಟೇ ಶುದ್ಧವಾಗಿದ್ದರೂ ಕಣ್ಣಿಗೆ ಹೊಡೆಯುತ್ತದೆ.

ಮೀಟರ್ ಬಿಚ್ಚುವ ಮೇಜಿನ ಮೇಲೆ ಕಬ್ಬಿಣದ ಪುಡಿ ಇರಬಾರದು. ಅಯಸ್ಕಾಂತ ಅದನ್ನು ಎಳೆದುಕೊಂಡರೆ ಮುಳ್ಳು ಅಲ್ಲಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ಸಣ್ಣ ಸ್ಕ್ರೂ ತೆಗೆದು, ಮುಳ್ಳಿಗೆ ತಾಗದಂತೆ ಅಂಕಿಯ ತಗಡನ್ನು ಪಕ್ಕಕ್ಕೆ ಜಾರಿಸಬೇಕು. ಜಾಣರು ಹೊಸ ಮುಖವನ್ನು ಆ ತಗಡಿನ ಬೆನ್ನಿಗೆ ಅಂಟಿಸಿ ತಿರುಗಿಸಿ ಕೂರಿಸುತ್ತಾರೆ, ಹಳೆಯದು ಹಿಂದೆ ಹಾಗೇ ಉಳಿಯುತ್ತದೆ. ಎರಡನೇ ಮಹಾಯುದ್ಧದ ಸೇನಾ ಮೀಟರ್‌ಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿದಿರುವುದುಂಟು. ಹೊಳಪು ಹೋಗಿದೆಯೆಂದು ಅದನ್ನು ಕೆರೆಯಬಾರದು. ಸವೆದಿರುವುದು ಬಣ್ಣದಲ್ಲಿ ಹೊಳೆಯುತ್ತಿದ್ದ ಸತುವಿನ ಸಲ್ಫೈಡ್ ಮಾತ್ರ. ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ, ಅದರ ಧೂಳು ಶ್ವಾಸಕೋಶ ಸೇರಿದರೆ ಅಪಾಯ.

ಅಕ್ಷರಗಳಿಗೆ ಸರಿಸಾಟಿ ಕಂಪ್ಯೂಟರ್ ಫಾಂಟ್ ಸಿಗುವುದು ಅಪರೂಪ. ಬಹಳಷ್ಟು ಡಯಲ್‌ಗಳನ್ನು ನಕ್ಷೆಗಾರರು ಕೈಯಲ್ಲೇ ಬರೆದರು. ಉಪಕರಣಗಳ ಪ್ಯಾನೆಲ್ ಮೇಲಿನ ಅಕ್ಷರಗಳನ್ನು ಲೆಸ್ಟರ್‌ನ ಟೇಲರ್ ಹಾಬ್ಸನ್, ವಿಸ್ಕಾನ್ಸಿನ್‌ನ ಗಾರ್ಟನ್ ಕಂಪನಿಗಳ ಪ್ಯಾಂಟೋಗ್ರಾಫ್ ಯಂತ್ರಗಳಂಥವು ಕೊರೆದವು: ಎಲ್ಲೆಡೆ ಒಂದೇ ದಪ್ಪ, ದುಂಡನೆಯ ತುದಿ, ತಗ್ಗಿನಲ್ಲಿ ತುಂಬಿದ ಬಣ್ಣ. 1961ರಲ್ಲಿ ಬಂದ ಲೆಟ್ರಾಸೆಟ್ ಉಜ್ಜಕ್ಷರಗಳು ಹವ್ಯಾಸಿಗಳ ಕೈಗೆ ಸಿಕ್ಕ ಅಗ್ಗದ ಸಾಧನ. ಕಂಪ್ಯೂಟರ್ ಮತ್ತು ಲೇಸರ್ ಪ್ರಿಂಟರ್ ಬಂದಮೇಲೆ ಸ್ಕ್ಯಾನ್ ಮೇಲೆ ಗೆರೆ ಎಳೆದು ಫಿಲ್ಮ್ ತೆಗೆಯುವುದು ವಾಡಿಕೆಯಾಯಿತು.

ಹಿತ್ತಾಳೆ, ಅಲ್ಯೂಮಿನಿಯಂ ನಾಮಫಲಕಗಳಿಗೆ ಮಾತ್ರ ಹಳೆಯ ವಿಧಾನವೇ ಚೆನ್ನ. ತಗಡಿನ ಮೇಲೆ ಬೆಳಕಿಗೆ ಗಟ್ಟಿಯಾಗುವ ಲೇಪ ಬಳಿದು, ಫಿಲ್ಮ್ ಇಟ್ಟು ಬೆಳಕು ಹಾಯಿಸಿ, ಗಟ್ಟಿಯಾಗದ ಭಾಗ ತೊಳೆದು, ಹಿತ್ತಾಳೆಯಾದರೆ ಫೆರಿಕ್ ಕ್ಲೋರೈಡ್‌ನಲ್ಲಿ ಅದ್ದುತ್ತಾರೆ. ತಿಂದುಹೋದ ತಗ್ಗಿಗೆ ಕಪ್ಪು ಬಣ್ಣ ತುಂಬಿ ಮೇಲ್ಮೈ ಉಜ್ಜಿದರೆ ಅಕ್ಷರ ಎದ್ದು ಕಾಣುತ್ತದೆ. ಇಲ್ಲಿ ತಕರಾರು ಬರುವುದು ಕ್ರಮಸಂಖ್ಯೆಯ ಬಗ್ಗೆ. ಚಾಸಿಯ ಮೇಲೆ ಒತ್ತಿರುವ ಸಂಖ್ಯೆ ಸಿಕ್ಕರೆ ಅದನ್ನೇ ಹಾಕಬಹುದು. ಸಿಗದಿದ್ದರೆ ಆ ಚೌಕವನ್ನು ಖಾಲಿ ಬಿಟ್ಟು, ಫಲಕದ ಹಿಂದೆ ನಕಲು ಎಂದೂ ಮಾಡಿದ ವರ್ಷವನ್ನೂ ಕೊರೆದಿಡುವುದು ಸರಿ. ಮಾರಾಟಕ್ಕಿಟ್ಟ ಸೆಟ್‌ನಲ್ಲಿ ಊಹಿಸಿ ಹಾಕಿದ ಸಂಖ್ಯೆಯನ್ನು ಮೋಸ ಎನ್ನದೆ ಬೇರೆ ದಾರಿಯಿಲ್ಲ.