ಹೊಲದಲ್ಲೇ ನಂಜು ರೋಗ ಪತ್ತೆ: ಹತ್ತು ನಿಮಿಷದ ಪಟ್ಟಿ ಹೇಳುವುದೇನು?

ಅಳ್ನಾವರ: ಧಾರವಾಡ ಜಿಲ್ಲೆಯ ಪಶ್ಚಿಮ ಅಂಚಿನ ಅಳ್ನಾವರದಲ್ಲಿ ಮಲೆನಾಡಿನ ಸೆರಗು ಆರಂಭವಾಗುತ್ತದೆ. ಇಲ್ಲಿ ಭತ್ತ, ಕಬ್ಬು, ಗೋವಿನಜೋಳ ಪ್ರಮುಖ ಬೆಳೆಗಳು. ಪೂರ್ವಕ್ಕೆ ಕುಂದಗೋಳ, ನವಲಗುಂದದ ಎರೆ ಭೂಮಿಯಲ್ಲಿ ಹೆಸರು ಮತ್ತು ಮೆಣಸಿನಕಾಯಿಯದೇ ಮೇಲುಗೈ. ಬೆಳೆ ಯಾವುದಾದರೂ ರೈತರ ಮುಂದಿರುವ ಪ್ರಶ್ನೆ ಒಂದೇ. ಎಲೆ ಹಳದಿಯಾಗಿರುವುದು ಅಥವಾ ಮುಟುರಿಕೊಂಡಿರುವುದು ವೈರಸ್‌ನಿಂದಲೋ, ಕೀಟದಿಂದಲೋ, ಇಲ್ಲವೇ ಪೋಷಕಾಂಶದ ಕೊರತೆಯಿಂದಲೋ?

ಈ ಪ್ರಶ್ನೆಗೆ ತಪ್ಪು ಉತ್ತರ ಸಿಕ್ಕರೆ ಹಣ ಪೋಲಾಗುತ್ತದೆ. ವೈರಸ್ ಅಂದರೆ ನಂಜು ತಗುಲಿದ ಗಿಡವನ್ನು ಗುಣಪಡಿಸುವ ಔಷಧ ಇಲ್ಲ. ಕೀಟನಾಶಕವು ರೋಗ ಹರಡುವ ಕೀಟವನ್ನು ಕೊಲ್ಲಬಲ್ಲದೇ ಹೊರತು ಗಿಡದೊಳಗಿನ ವೈರಸ್ಸನ್ನಲ್ಲ. ಶಿಲೀಂಧ್ರನಾಶಕವಂತೂ ಸಂಪೂರ್ಣ ನಿರುಪಯುಕ್ತ.

ಮೆಣಸಿನಕಾಯಿಯ ಎಲೆ ಮುಟುರು ರೋಗ ಇದಕ್ಕೆ ಉತ್ತಮ ಉದಾಹರಣೆ. ಥ್ರಿಪ್ಸ್ ನುಸಿ ರಸ ಹೀರಿದರೆ ಎಲೆಯಂಚು ಮೇಲ್ಮುಖವಾಗಿ ಮಡಚಿಕೊಳ್ಳುತ್ತದೆ. ಮೈಟ್ ನುಸಿಯ ಬಾಧೆಯಾದರೆ ಎಲೆ ಕೆಳಮುಖವಾಗಿ ಬಾಗುತ್ತದೆ. ಬಿಳಿನೊಣ ಹರಡುವ ವೈರಸ್ ತಗುಲಿದಾಗಲೂ ಎಲೆ ಮುರುಟಿ, ಕಿರಿದಾಗಿ, ಗಿಡ ಕುಬ್ಜವಾಗುತ್ತದೆ. ಮೂರೂ ಒಂದೇ ಹೊಲದಲ್ಲಿ, ಒಮ್ಮೊಮ್ಮೆ ಒಂದೇ ಗಿಡದಲ್ಲಿ ಇರುವುದುಂಟು. ಅಂತಹ ಸ್ಥಿತಿಯಲ್ಲಿ ಬರಿಗಣ್ಣಿನ ತೀರ್ಮಾನ ಅನುಭವಿಗಳಿಗೂ ಕಷ್ಟ. ಹೆಸರು ಬೆಳೆಯ ಹಳದಿ ನಂಜು ರೋಗ ಎದ್ದು ಕಾಣುತ್ತದೆ, ನಿಜ. ಆದರೆ ಅದು ಎದ್ದು ಕಾಣುವ ಹೊತ್ತಿಗೆ ಬಿಳಿನೊಣ ಅದನ್ನು ಅಕ್ಕಪಕ್ಕದ ಸಾಲುಗಳಿಗೂ ಮುಟ್ಟಿಸಿರುತ್ತದೆ.

ಪಟ್ಟಿ ಕೆಲಸ ಮಾಡುವ ಬಗೆ

ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಆ್ಯಂಟಿಜೆನ್ ಪರೀಕ್ಷೆಯ ತತ್ವವೇ ಇಲ್ಲಿಯೂ ಇದೆ. ಎಳೆಯ ಎಲೆಯ ಒಂದು ಚೂರನ್ನು ದ್ರಾವಣವಿರುವ ಪುಟ್ಟ ಚೀಲಕ್ಕೆ ಹಾಕಿ ಹೊರಗಿನಿಂದ ಉಜ್ಜಿ ರಸ ತೆಗೆಯಲಾಗುತ್ತದೆ. ಆ ರಸದಲ್ಲಿ ಪಟ್ಟಿಯ ತುದಿಯನ್ನು ಅದ್ದಿದಾಗ ರಸ ಮೇಲಕ್ಕೇರುತ್ತದೆ. ದಾರಿಯಲ್ಲಿ ಚಿನ್ನದ ಅತಿಸೂಕ್ಷ್ಮ ಕಣಗಳಿಗೆ ಅಂಟಿಸಿದ ಪ್ರತಿಕಾಯಗಳಿರುತ್ತವೆ. ರಸದಲ್ಲಿ ವೈರಸ್ ಇದ್ದರೆ ಅವು ಅದನ್ನು ಹಿಡಿದುಕೊಂಡು ಮುಂದೆ ಸಾಗಿ, ಪಟ್ಟಿಯ ಮೇಲಿನ ಇನ್ನೊಂದು ಪ್ರತಿಕಾಯದ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಕೆಂಪು ಗೆರೆ ಮೂಡುತ್ತದೆ. ಎರಡು ಗೆರೆ ಕಂಡರೆ ಸೋಂಕು ಇದೆ; ಒಂದೇ ನಿಯಂತ್ರಣ ಗೆರೆ ಕಂಡರೆ ಇಲ್ಲ. ನಿಯಂತ್ರಣ ಗೆರೆಯೇ ಮೂಡದಿದ್ದರೆ ಆ ಪಟ್ಟಿ ಕೆಟ್ಟಿದೆ ಎಂದರ್ಥ. ಒಟ್ಟು ಐದರಿಂದ ಹತ್ತು ನಿಮಿಷದ ಕೆಲಸ.

ಇದಕ್ಕೂ ಮೊದಲು ಎಲೈಸಾ ವಿಧಾನವೇ ಆಧಾರವಾಗಿತ್ತು. ಸಸ್ಯ ವೈರಸ್‌ಗಳ ಪತ್ತೆಗೆ ಅದನ್ನು 1977ರಲ್ಲಿ ಕ್ಲಾರ್ಕ್ ಮತ್ತು ಆಡಮ್ಸ್ ಅಳವಡಿಸಿದರು. ನೂರಾರು ಮಾದರಿಗಳನ್ನು ಒಟ್ಟಿಗೆ ಪರೀಕ್ಷಿಸಲು ಅದು ಇಂದಿಗೂ ಉತ್ತಮ, ಆದರೆ ಪ್ರಯೋಗಾಲಯ ಮತ್ತು ಒಂದೆರಡು ದಿನಗಳ ಸಮಯ ಬೇಕು. ಭಾರತದಲ್ಲಿ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು ಆಲೂಗಡ್ಡೆಯ ವೈರಸ್‌ಗಳಿಗಾಗಿ ಅದ್ದು ಪಟ್ಟಿಯನ್ನು ಸಿದ್ಧಪಡಿಸಿದೆ. ಧಾರವಾಡ, ಬೆಳಗಾವಿ, ಹಾಸನದ ಬೆಳೆಗಾರರು ಬಿತ್ತನೆ ಗಡ್ಡೆಗೆ ದೂರದ ಪಂಜಾಬನ್ನು ನೆಚ್ಚಿಕೊಂಡಿರುವುದರಿಂದ ಈ ಭಾಗಕ್ಕೆ ಅದು ಪ್ರಸ್ತುತ. ಗಡ್ಡೆಯೊಳಗೆ ಬಂದ ವೈರಸ್ ಗಡ್ಡೆಯೊಂದಿಗೇ ಮೊಳೆಯುತ್ತದೆ.

ಕಟ್ಟೆ ರೋಗದ ನಾಡಿನಲ್ಲಿ

ಪಟ್ಟಿಗಿಂತ ಸೂಕ್ಷ್ಮವಾದ ಮತ್ತೊಂದು ವಿಧಾನ ಲ್ಯಾಂಪ್. ಜಪಾನಿನ ವಿಜ್ಞಾನಿಗಳು 2000ದಲ್ಲಿ ಪ್ರಕಟಿಸಿದ ಈ ತಂತ್ರದಲ್ಲಿ ವೈರಸ್‌ನ ವಂಶವಾಹಿಯನ್ನು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನ ಒಂದೇ ಉಷ್ಣತೆಯಲ್ಲಿ ಅಸಂಖ್ಯ ಪಟ್ಟು ವೃದ್ಧಿಸಲಾಗುತ್ತದೆ. ಪಿಸಿಆರ್‌ನಂತೆ ಉಷ್ಣತೆಯನ್ನು ಏರಿಳಿಸುವ ದುಬಾರಿ ಯಂತ್ರ ಬೇಡ. ಸ್ಥಿರ ಉಷ್ಣತೆಯ ಸಾಧಾರಣ ಪೆಟ್ಟಿಗೆ ಸಾಕು. ಕೋಯಿಕ್ಕೋಡ್‌ನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯು ಕಾಳುಮೆಣಸು ಮತ್ತು ಏಲಕ್ಕಿಯ ವೈರಸ್‌ಗಳಿಗೆ ಈ ವಿಧಾನವನ್ನು ರೂಪಿಸಿದೆ. ಕೊಡಗಿನ ಅಪ್ಪಂಗಳದಲ್ಲಿ ಅದರ ಪ್ರಾದೇಶಿಕ ಕೇಂದ್ರವಿದೆ. ಏಲಕ್ಕಿಯ ಕಟ್ಟೆ ರೋಗ ಮತ್ತು ಕೊಕ್ಕೆ ಕಂದು ರೋಗ ಕನ್ನಡದ ಹೆಸರಿನಿಂದಲೇ ವಿಜ್ಞಾನ ಲೇಖನಗಳನ್ನು ಸೇರಿರುವುದು ಗಮನಾರ್ಹ. ಹೆಸರಿಟ್ಟವರು ವಿಜ್ಞಾನಿಗಳಲ್ಲ, ತೋಟದವರು. ಕಾಳುಮೆಣಸಿನ ಬಳ್ಳಿಯನ್ನು ತುಂಡಿನಿಂದ ಬೆಳೆಸುವುದರಿಂದ ತಾಯಿ ಬಳ್ಳಿಯಲ್ಲಿ ಸೋಂಕಿದ್ದರೆ ನರ್ಸರಿಯ ಸಾವಿರ ಸಸಿಗಳಿಗೂ ಅದು ಹಂಚಿಹೋಗುತ್ತದೆ. ಆದ್ದರಿಂದ ಪರೀಕ್ಷೆ ತೋಟದಲ್ಲಿ ನಡೆಯುವುದಕ್ಕಿಂತ ನರ್ಸರಿಯಲ್ಲಿ ನಡೆದರೆ ಲಾಭ ಹೆಚ್ಚು. ಅಂಗಾಂಶ ಕೃಷಿಯ ಬಾಳೆ ಸಸಿಗಳಿಗೆ ವೈರಸ್ ಪರೀಕ್ಷೆಯನ್ನೊಳಗೊಂಡ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆ 2006ರಿಂದಲೇ ಇದೆ. ಮೆಣಸಿನಕಾಯಿ, ಟೊಮೆಟೊ ಸಸಿ ಕೊಳ್ಳುವ ರೈತನಿಗೆ ಅಂತಹ ಭರವಸೆ ಸಾಮಾನ್ಯವಾಗಿ ದೊರೆಯುವುದಿಲ್ಲ.

ಮಿತಿಗಳು

ಒಂದು ಪಟ್ಟಿ ತಾನು ಹುಡುಕುವ ವೈರಸ್ಸನ್ನು ಮಾತ್ರ ತೋರಿಸುತ್ತದೆ. 'ಇಲ್ಲ' ಎಂಬ ಫಲಿತಾಂಶ ಬಂದರೆ ಗಿಡ ಆರೋಗ್ಯವಾಗಿದೆ ಎಂದಲ್ಲ. ಬೇರೆ ವೈರಸ್ ಇರಬಹುದು ಅಥವಾ ಸೋಂಕು ಇನ್ನೂ ಎಳೆಯದಿರಬಹುದು. ಬಿಳಿನೊಣ ಹರಡುವ ವೈರಸ್‌ಗಳು ಒಂದಕ್ಕೊಂದು ತೀರಾ ಹೋಲುವುದರಿಂದ ಪ್ರತಿಕಾಯಗಳಿಗೆ ಅವುಗಳ ನಡುವಿನ ಭೇದ ಸುಲಭವಾಗಿ ತಿಳಿಯುವುದಿಲ್ಲ. ಮೆಣಸಿನಕಾಯಿ ಮತ್ತು ಹೆಸರು ಬೆಳೆಯುವ ಈ ಜಿಲ್ಲೆಗೆ ಇದೇ ದೊಡ್ಡ ತೊಡಕು. ಕಬ್ಬಿನಲ್ಲಿ ಹುಲ್ಲಿನಂತೆ ತೆಳ್ಳಗಿನ ಮರಿಗಳೇಳುವ ರೋಗಕ್ಕೆ ಕಾರಣ ವೈರಸ್ ಅಲ್ಲ, ಫೈಟೊಪ್ಲಾಸ್ಮಾ ಎಂಬ ಬೇರೊಂದು ಜೀವಿ. ಸುಣ್ಣದಂಶವಿರುವ ನೆಲದಲ್ಲಿ ಕಬ್ಬಿನ ಎಳೆಯ ಗರಿ ಬಿಳಿಚಿಕೊಳ್ಳುವುದು ಕಬ್ಬಿಣದ ಕೊರತೆಯಿಂದಲೂ ಇರಬಹುದು. ವೈರಸ್ ಪಟ್ಟಿಯಲ್ಲಿ ಇವೆರಡೂ ಕಾಣುವುದಿಲ್ಲ.

ಸೋಂಕು ಖಚಿತವಾದರೆ ಮಾಡಬಹುದಾದ್ದು ಇಷ್ಟು: ಆರಂಭದಲ್ಲೇ ರೋಗದ ಗಿಡ ಕಿತ್ತು ನಾಶಪಡಿಸುವುದು, ಕೀಟ ನಿಯಂತ್ರಣ, ಮುಂದಿನ ಹಂಗಾಮಿಗೆ ನಿರೋಧಕ ತಳಿ. ಅರ್ಧ ಹೊಲಕ್ಕೆ ರೋಗ ಹಬ್ಬಿದ ಮೇಲೆ ಪಟ್ಟಿ ಖರೀದಿಸುವುದು ವ್ಯರ್ಥ.

ಅಳ್ನಾವರದಿಂದ ಸುಮಾರು 35 ಕಿ.ಮೀ. ದೂರದ ಧಾರವಾಡದಲ್ಲಿ 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯವೂ ಸೈದಾಪುರ ಫಾರ್ಮ್‌ನಲ್ಲಿ ಕೃಷಿ ವಿಜ್ಞಾನ ಕೇಂದ್ರವೂ ಇವೆ. ತಜ್ಞರಿಗೆ ತೋರಿಸಲು ಮಾದರಿ ಒಯ್ಯುವವರು ಒಣಗಿದ ಹಳೆಯ ಎಲೆಯ ಬದಲು ರೋಗಲಕ್ಷಣವಿರುವ ಎಳೆಯ ಎಲೆಯನ್ನು, ಜೊತೆಗೆ ಹೋಲಿಕೆಗಾಗಿ ಆರೋಗ್ಯವಂತ ಗಿಡದ ಎಲೆಯನ್ನೂ ಬೆಳಿಗ್ಗೆಯೇ ಕೀಳಬೇಕು. ಎರಡನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು ಬಿಸಿಲು ತಾಗದಂತೆ ಅಂದೇ ತಲುಪಿಸಬೇಕು. ಒದ್ದೆ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಎಲೆ ದಾರಿಯಲ್ಲೇ ಕೊಳೆತುಹೋಗುತ್ತದೆ.