ಪಾರಿಜಾತದ ಎಸಳೆಣಿಸಿದವರು: ಜೆ.ಬಿ.ಎಸ್. ಹಾಲ್ಡೇನ್ ನೆನಪಿನಲ್ಲಿ

1964ರ ಡಿಸೆಂಬರ್ 1ರಂದು ಭುವನೇಶ್ವರದಲ್ಲಿ ಜಾನ್ ಬರ್ಡನ್ ಸ್ಯಾಂಡರ್ಸನ್ ಹಾಲ್ಡೇನ್ ತೀರಿಕೊಂಡರು. ಅವರ ಇಚ್ಛೆಯಂತೆ ದೇಹವನ್ನು ಕಾಕಿನಾಡದ ರಂಗರಾಯ ವೈದ್ಯಕೀಯ ಕಾಲೇಜಿಗೆ ಒಪ್ಪಿಸಲಾಯಿತು. 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ಹುಟ್ಟಿ, ಜೀವವಿಕಾಸದ ವಿಜ್ಞಾನಕ್ಕೆ ಗಣಿತದ ತಳಪಾಯ ಹಾಕಿದ ಮೂವರಲ್ಲಿ ಒಬ್ಬರಾದ ಈ ಮನುಷ್ಯ ಭಾರತದ ಪ್ರಜೆಯಾಗಿ ಕಣ್ಣು ಮುಚ್ಚಿದರು. ಡಾರ್ವಿನ್ ಹೆಸರನ್ನು ಬಲ್ಲ ನಾವು ಇವರನ್ನು ಅಷ್ಟಾಗಿ ನೆನೆಯುವುದಿಲ್ಲ. ನೆನೆಯಬೇಕಾದ ಕಾರಣಗಳು ಮಾತ್ರ ಹಲವಿವೆ.

ಡಾರ್ವಿನ್ 1859ರಲ್ಲಿ ನಿಸರ್ಗದ ಆಯ್ಕೆಯನ್ನು ಮಂಡಿಸಿದಾಗ, ಗುಣಗಳು ತಂದೆತಾಯಿಯರಿಂದ ಮಕ್ಕಳಿಗೆ ಹೇಗೆ ಇಳಿದು ಬರುತ್ತವೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಅದಕ್ಕೆ ಉತ್ತರ ಮೆಂಡೆಲನ ಬಟಾಣಿ ಗಿಡಗಳಲ್ಲಿತ್ತು; ಆ ಉತ್ತರ ಲೋಕದ ಗಮನಕ್ಕೆ ಬಂದದ್ದು 1900ರಲ್ಲಿ. ವಿಚಿತ್ರವೆಂದರೆ, ಒಂದನ್ನೊಂದು ಪೂರೈಸಬೇಕಾಗಿದ್ದ ಈ ಎರಡು ಸಿದ್ಧಾಂತಗಳ ಅನುಯಾಯಿಗಳು ಎರಡು ದಶಕಗಳ ಕಾಲ ಪರಸ್ಪರ ಕಾದಾಡಿದರು. ಈ ಜಗಳವನ್ನು ಬಗೆಹರಿಸಿದ್ದು ಲೆಕ್ಕಾಚಾರ. ಇಂಗ್ಲೆಂಡಿನ ರೊನಾಲ್ಡ್ ಫಿಶರ್, ಅಮೆರಿಕದ ಸೀವಾಲ್ ರೈಟ್ ಮತ್ತು ಹಾಲ್ಡೇನ್ ಆ ಕೆಲಸ ಮಾಡಿದ ಮೂವರು. ಆಕ್ಸ್‌ಫರ್ಡಿನಲ್ಲಿ ಗಣಿತವನ್ನೂ ಗ್ರೀಕ್, ಲ್ಯಾಟಿನ್ ಸಾಹಿತ್ಯವನ್ನೂ ಓದಿದ ಹಾಲ್ಡೇನರಿಗೆ ವಿಜ್ಞಾನದ ಪದವಿಯೇ ಇರಲಿಲ್ಲ ಎಂಬುದು ಇಲ್ಲಿ ಸ್ವಾರಸ್ಯದ ಸಂಗತಿ.

ಅವರ 1924ರ ಲೇಖನದ ಒಂದು ಲೆಕ್ಕವನ್ನು ನೋಡೋಣ. ಮ್ಯಾಂಚೆಸ್ಟರಿನ ಸುತ್ತ ಒಂದು ಜಾತಿಯ ಬಿಳಿಚುಕ್ಕೆಯ ಪತಂಗವಿತ್ತು. 1848ರಲ್ಲಿ ಅಲ್ಲಿ ಅದರ ಕಪ್ಪು ಬಗೆಯೊಂದು ಕಂಡುಬಂತು. ಕಾರ್ಖಾನೆಗಳ ಮಸಿ ಮರಗಳನ್ನು ಆವರಿಸುತ್ತಾ ಹೋದಂತೆ, ಶತಮಾನದ ಕೊನೆಗೆ ಆ ಊರಿನಲ್ಲಿ ಕಪ್ಪು ಪತಂಗಗಳೇ ತುಂಬಿದವು. ವರ್ಷಕ್ಕೊಂದು ತಲೆಮಾರು, ಅಂದರೆ ಸುಮಾರು ಐವತ್ತು ತಲೆಮಾರುಗಳಲ್ಲಿ ಈ ಬದಲಾವಣೆ ನಡೆಯಿತು. ಇಷ್ಟು ಬೇಗ ಹೀಗಾಗಬೇಕಾದರೆ ಬಿಳಿಯವು ಎರಡು ಮರಿಗಳನ್ನು ಉಳಿಸುವಲ್ಲಿ ಕಪ್ಪಿನವು ಮೂರನ್ನು ಉಳಿಸಿರಬೇಕು ಎಂದು ಹಾಲ್ಡೇನ್ ಗಣಿಸಿದರು. ಆಯ್ಕೆಯ ಬಲ ಇಷ್ಟು ದೊಡ್ಡದಿರಬಹುದೆಂದು ಆಗ ಯಾರೂ ಊಹಿಸಿರಲಿಲ್ಲ. ಮೂರು ದಶಕಗಳ ಬಳಿಕ ಕಾಡಿನಲ್ಲಿ ನಡೆದ ಪ್ರಯೋಗಗಳು ಆ ಲೆಕ್ಕವನ್ನು ಎತ್ತಿ ಹಿಡಿದವು.

ಇನ್ನೊಂದು ಊಹೆ ನಮಗೆ ಹೆಚ್ಚು ಹತ್ತಿರದ್ದು. ಥಲಸೀಮಿಯಾದಂಥ ಮಾರಕ ರಕ್ತದೋಷ ಮೆಡಿಟರೇನಿಯನ್ ತೀರದಲ್ಲಿ ಅಳಿಯದೆ ಉಳಿದಿರುವುದೇಕೆ? ಆ ವಂಶವಾಹಿಯ ಎರಡು ಪ್ರತಿಗಳು ಮಗುವಿನ ಜೀವಕ್ಕೆ ಎರವಾದರೂ ಒಂದು ಪ್ರತಿಯಷ್ಟೇ ಇದ್ದಾಗ ಅದು ಮಲೇರಿಯಾದಿಂದ ರಕ್ಷಿಸುತ್ತಿರಬಹುದು ಎಂದು ಹಾಲ್ಡೇನ್ 1949ರಲ್ಲಿ ಪ್ರಕಟಿಸಿದರು. 1954ರಲ್ಲಿ ಆಂಥನಿ ಆಲಿಸನ್ ಪೂರ್ವ ಆಫ್ರಿಕದ ಕುಡಗೋಲು ರಕ್ತಕಣದ ಕಾಯಿಲೆಯಲ್ಲಿ ಇದೇ ತತ್ತ್ವವನ್ನು ತೋರಿಸಿಕೊಟ್ಟರು. ಅದೇ ಕಾಯಿಲೆಯ ಗುಣ 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಪತ್ತೆಯಾಗಿತ್ತು. ಮೈಸೂರು, ಚಾಮರಾಜನಗರ ಸೀಮೆಯ ಕಾಡಂಚಿನ ಹಾಡಿಗಳಲ್ಲಿಯೂ ಅದರಿಂದ ನರಳುವವರಿದ್ದಾರೆ. ಅದು ಯಾರದೋ ಪಾಪದ ಫಲವಲ್ಲ, ಯಾವ ಕುಲದ ಕೀಳುತನವೂ ಅಲ್ಲ. ಹಿಂದೊಮ್ಮೆ ಪೂರ್ವಜರನ್ನು ಕಾಪಾಡಿದ ಗುಣದ ಇಂದಿನ ಬೆಲೆ. ಜೀವವಿಕಾಸವನ್ನು ಅರಿಯುವುದರಿಂದ ಮನುಷ್ಯರನ್ನು ನೋಡುವ ದೃಷ್ಟಿ ಹೀಗೆ ಬದಲಾಗುತ್ತದೆ.

ಹಾಲ್ಡೇನರನ್ನು ದೋಷವಿಲ್ಲದ ಮಹಾತ್ಮರೆಂದು ಚಿತ್ರಿಸಬೇಕಾಗಿಲ್ಲ. ಜನಾಂಗಶ್ರೇಷ್ಠತೆಯ ವಾದವನ್ನು 1930ರ ದಶಕದಲ್ಲಿ ಬಲವಾಗಿ ಖಂಡಿಸಿದ ಅವರು, ಸೋವಿಯತ್ ದೇಶದಲ್ಲಿ ಲೈಸೆಂಕೋ ತಳಿಶಾಸ್ತ್ರವನ್ನೇ ತುಳಿದಾಗ ಬಹಿರಂಗವಾಗಿ ಖಂಡಿಸಲು ಹಿಂಜರಿದರು. ಪಕ್ಷನಿಷ್ಠೆ ಎಂಥ ಬುದ್ಧಿಗೂ ಮಂಕು ಕವಿಸಬಲ್ಲದು ಎಂಬ ಪಾಠವನ್ನೂ ಅವರ ಬದುಕು ಹೇಳುತ್ತದೆ.

ಸೂಯೆಜ್ ಮೇಲಿನ ಬ್ರಿಟಿಷ್ ಆಕ್ರಮಣವನ್ನು ಪ್ರತಿಭಟಿಸಿ 1957ರಲ್ಲಿ ಅವರು ಇಂಗ್ಲೆಂಡನ್ನು ಬಿಟ್ಟರು. ಪತ್ನಿ, ಜೀವವಿಜ್ಞಾನಿ ಹೆಲೆನ್ ಸ್ಪರ್ವೇ ಅವರೊಡನೆ ಕಲ್ಕತ್ತೆಗೆ ಬಂದು, ಮಹಲನೋಬಿಸರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. ಬಡ ದೇಶದಲ್ಲಿ ದುಬಾರಿ ಯಂತ್ರಗಳಿಗಾಗಿ ಕಾಯುತ್ತಾ ಕೂರಬೇಕಿಲ್ಲ, ಕಣ್ಣು ತೆರೆದು ಎಣಿಸಿದರೆ ಸಾಕು ಎಂಬುದು ಅವರ ನಿಲುವು. ಎಸ್.ಕೆ. ರಾಯ್ ಪಾರಿಜಾತದ ಹೂಗಳ ಎಸಳುಗಳನ್ನು ಎಣಿಸಿ, ಒಂದೇ ಗಿಡದೊಳಗೆ ಎಷ್ಟು ವ್ಯತ್ಯಾಸವಿದೆಯೆಂದು ಅಳೆದರು. ಟಿ.ಎ. ಡೇವಿಸ್ ತೆಂಗಿನ ಗರಿಗಳು ಎಡಕ್ಕೆ ಸುತ್ತುತ್ತವೆಯೋ ಬಲಕ್ಕೋ ಎಂದು ಪರೀಕ್ಷಿಸಿ, ಆ ಸುತ್ತು ವಂಶದಿಂದ ಬರುವುದಲ್ಲವೆಂದು ಕಂಡರು. ನಮ್ಮ ತೋಟಗಳಲ್ಲಿ ತಲೆಯೆತ್ತಿ ನೋಡಿದವರೆಲ್ಲರ ಕಣ್ಣಿಗೆ ಬಿದ್ದಿದ್ದರೂ ಯಾರೂ ಕೇಳದ ಪ್ರಶ್ನೆ ಅದು! ಸುರೇಶ್ ಜಯಕರ್ ಟಿಟ್ಟಿಭ ಹಕ್ಕಿಯ ಗೂಡನ್ನು ತಾಳ್ಮೆಯಿಂದ ಗಮನಿಸಿದರು. ಆಯ್ಕೆಯ ದಿಕ್ಕು ಕಾಲಕಾಲಕ್ಕೆ ಬದಲಾದರೆ ಎರಡು ಬಗೆಗಳೂ ಉಳಿದುಕೊಳ್ಳಬಲ್ಲವು ಎಂದು ತೋರಿಸಿದ ಲೇಖನವನ್ನು ಹಾಲ್ಡೇನ್ ಇದೇ ಜಯಕರರ ಜೊತೆ 1963ರಲ್ಲಿ ಪ್ರಕಟಿಸಿದರು. ಸಂಶೋಧಕರು ಅದನ್ನು ಇಂದಿಗೂ ಉಲ್ಲೇಖಿಸುತ್ತಾರೆ.

ಹಾಲ್ಡೇನ್ ಸಂಪಾದಿಸುತ್ತಿದ್ದ 'ಜರ್ನಲ್ ಆಫ್ ಜೆನೆಟಿಕ್ಸ್' ಪತ್ರಿಕೆಯೂ ಅವರೊಡನೆ ಭಾರತಕ್ಕೆ ಬಂತು. 1910ರಲ್ಲಿ ಬೇಟ್ಸನ್ ಮತ್ತು ಪನ್ನೆಟ್ ಆರಂಭಿಸಿದ ಆ ಪತ್ರಿಕೆ ನಡುವೆ ನಿಂತುಹೋಗಿ, 1985ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯಿಂದ ಹೊರಬರುತ್ತಿದೆ. ಹೀಗೆ ಕನ್ನಡದ ನೆಲಕ್ಕೂ ಈ ಪರಂಪರೆಯ ಒಂದು ಪಾಲು ದಕ್ಕಿದೆ.

2023ರಲ್ಲಿ ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಪಠ್ಯದಿಂದ ಜೀವವಿಕಾಸದ ಭಾಗವನ್ನು ಕೈಬಿಡಲಾಯಿತು. ವಿಜ್ಞಾನಿಗಳೂ ಶಿಕ್ಷಕರೂ ಪ್ರತಿಭಟಿಸಿದರು. ಹತ್ತರ ನಂತರ ಜೀವಶಾಸ್ತ್ರವನ್ನು ಆರಿಸಿಕೊಳ್ಳದ ಮಗು ಇನ್ನು ಈ ವಿಚಾರವನ್ನು ಶಾಲೆಯಲ್ಲಿ ಓದುವುದೇ ಇಲ್ಲ. ಊರು ಬಿಟ್ಟು ದೂರದ ನಗರಗಳಲ್ಲಿ ನೆಲೆಸಿರುವ ನಮ್ಮ ಅನೇಕರ ಮಕ್ಕಳು ಓದುವುದೂ ಇವೇ ಪುಸ್ತಕಗಳನ್ನು. ಪುಸ್ತಕ ಬಿಟ್ಟದ್ದನ್ನು ಮನೆ ತುಂಬಿಕೊಡಬಹುದು. ಪಾರಿಜಾತದ ಗಿಡ ಮುಂಬಯಿಯಲ್ಲೂ ಇದೆ, ಹೈದರಾಬಾದಿನಲ್ಲೂ ಇದೆ. ಬೆಳಗ್ಗೆ ಉದುರಿದ ಹೂಗಳನ್ನು ಬೊಗಸೆಯಲ್ಲಿ ತುಂಬಿ ಮಕ್ಕಳ ಕೈಗಿತ್ತು, ಎಸಳುಗಳನ್ನು ಎಣಿಸಲು ಹೇಳೋಣ. ಎಲ್ಲ ಹೂಗಳಲ್ಲೂ ಅವು ಒಂದೇ ಸಮ ಇರುವುದಿಲ್ಲ. ಏಕೆಂದು ಮಗು ಕೇಳಿದರೆ ಪಾಠ ಆರಂಭವಾದಂತೆ.