ಗಂಧದೆಣ್ಣೆ: ಲೇಪದಿಂದ ಔಷಧಕ್ಕೆ, ಔಷಧದಿಂದ ಸಾಬೂನಿಗೆ

ಶ್ರೀಗಂಧವೆಂದೊಡನೆ ಪೂಜೆಯ ನೆನಪಾಗುವುದು ಸಹಜ. ಅಷ್ಟವಿಧಾರ್ಚನೆಯಲ್ಲಿ ಗಂಧಕ್ಕೆ ಸ್ಥಾನವಿದೆ. ಕೊರಡು ಮತ್ತು ಕಂಪಿನ ಅಗಲದ ಸಂಬಂಧ ವಚನಕಾರರಿಗೆ ಪ್ರಿಯವಾದ ದೃಷ್ಟಾಂತ. ಆದರೆ ಉರಿಯನ್ನೂ ನೋವನ್ನೂ ತಣಿಸುವ ಔಷಧವಾಗಿ ಅದೇ ಗಂಧಕ್ಕೆ ಬೇರೊಂದು ಚರಿತ್ರೆಯಿದೆ. ಅದನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮಲೆನಾಡಿನಿಂದ ಬಹುದೂರವಿರುವ ಅಫಜಲಪುರ ತಾಲ್ಲೂಕಿನ ಅತನೂರಿನಂತಹ ಊರುಗಳಲ್ಲಿಯೂ ಗಂಧದ ಕೊರಡು ಮತ್ತು ಸಾಣೆಕಲ್ಲು ಅಪರಿಚಿತವಾದ ವಸ್ತುಗಳಲ್ಲ. ತಲೆನೋವಿಗೆ ಹಣೆಯ ಮೇಲೆ, ಬಿಸಿಲಿನ ಬೊಕ್ಕೆಗೆ ಮೈಮೇಲೆ ಗಂಧವನ್ನು ತೇದು ಹಚ್ಚುವುದು ಕನ್ನಡ ನಾಡಿನ ಹಳೆಯ ರೂಢಿ. ಆಯುರ್ವೇದವು ಚಂದನವನ್ನು ಶೀತಗುಣವುಳ್ಳದ್ದೆಂದು, ದಾಹವನ್ನು ಶಮನಗೊಳಿಸುವುದೆಂದು ಹೇಳುತ್ತದೆ. ಚರಕಸಂಹಿತೆಯ ಜ್ವರಚಿಕಿತ್ಸೆಯಲ್ಲಿ ಚಂದನಾದಿ ತೈಲದ ಉಲ್ಲೇಖವಿದೆ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ನೀರಿನಲ್ಲಿ ತೇದ ಲೇಪ ಬೇರೆ, ಅನೇಕ ಮೂಲಿಕೆಗಳನ್ನು ಹಾಕಿ ಕಾಯಿಸಿದ ತೈಲ ಬೇರೆ, ಮರದ ಚೇಗನ್ನೂ ಬೇರನ್ನೂ ಪುಡಿಮಾಡಿ ಹಬೆಯಿಂದ ಭಟ್ಟಿಯಿಳಿಸಿದ ಸುಗಂಧತೈಲ ಬೇರೆ. ಮೊದಲನೆಯದರ ಗುಣವನ್ನು ಮೂರನೆಯದಕ್ಕೆ ಹಾಗೆಯೇ ಆರೋಪಿಸಲಾಗದು.

ಈ ಮೂರನೆಯದು ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ವೈದ್ಯರ ಕೈಸೇರಿತು. ಪೂಯಮೇಹದಿಂದ ಉಂಟಾಗುವ ಮೂತ್ರಮಾರ್ಗದ ಉರಿಯೂತಕ್ಕೆ ಗಂಧದೆಣ್ಣೆಯನ್ನು ಹೊಟ್ಟೆಗೆ ಕೊಡುವುದು ಅಲ್ಲಿ ವಾಡಿಕೆಯಾಯಿತು. ಆದಕಾರಣ ಮೈಸೂರಿನ ಗಂಧದ ಕೊರಡುಗಳು ಹರಾಜಾಗಿ ಹಡಗನ್ನೇರುತ್ತಿದ್ದವು. ಅವುಗಳ ಬಹುಭಾಗ ಜರ್ಮನಿಯಲ್ಲಿ ಎಣ್ಣೆಯಾಗುತ್ತಿತ್ತು. 1792ರಲ್ಲಿ ಟಿಪ್ಪುಸುಲ್ತಾನನು ರಾಜವೃಕ್ಷವೆಂದು ಸಾರಿದ ಮರ ನಮ್ಮದು. ಅದರ ಸಾರವನ್ನು ಇಳಿಸುವ ಕೈ ಪರರದು!

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದೊಡನೆ ಈ ವ್ಯಾಪಾರ ನಿಂತಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿದ್ದ ಆಲ್‌ಫ್ರೆಡ್ ಚಾಟರ್‌ಟನ್ನರು ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಯೋಜನೆಯನ್ನು ಕೈಗೊಂಡರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನಶಾಸ್ತ್ರಜ್ಞರು ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ, ಮರುವರ್ಷ ಮೈಸೂರಿನಲ್ಲಿಯೂ ಕಾರ್ಖಾನೆಗಳು ಆರಂಭವಾದವು.

ವಿಪರ್ಯಾಸವೆಂದರೆ, ಎಣ್ಣೆ ಸ್ವದೇಶದ್ದಾದ ಕೆಲವೇ ದಶಕಗಳಲ್ಲಿ ಅದರ ಔಷಧಕೀರ್ತಿ ಅಳಿಯಿತು. 1930ರ ದಶಕದಲ್ಲಿ ಸಲ್ಫಾ ಔಷಧಗಳು, 1940ರ ದಶಕದಲ್ಲಿ ಪೆನಿಸಿಲಿನ್ ಬಂದವು. ಇವು ರೋಗಾಣುವನ್ನೇ ಹತ್ತಿಕ್ಕಬಲ್ಲವಾದುದರಿಂದ ವೈದ್ಯರು ಗಂಧದೆಣ್ಣೆಯನ್ನು ಬಿಟ್ಟರು. ಇದು ಪಕ್ಷಪಾತವಲ್ಲ, ಪರೀಕ್ಷೆಯ ಫಲ. ಅಷ್ಟರಲ್ಲಿ 1918ರ ಮೈಸೂರು ಸ್ಯಾಂಡಲ್ ಸಾಬೂನು ಮನೆಮಾತಾಗಿತ್ತು. ಹೀಗೆ ಔಷಧದ ನೆನಪು ಮಾಸಿ ಕಂಪಿನ ಹೆಸರು ಉಳಿಯಿತು.

ಇತ್ತೀಚಿನ ದಶಕಗಳಲ್ಲಿ ವಿಜ್ಞಾನವು ಹಳೆಯ ಪ್ರಶ್ನೆಯನ್ನು ಹೊಸದಾಗಿ ಎತ್ತಿದೆ. ಈ ಎಣ್ಣೆಯಲ್ಲಿ ಪ್ರಧಾನವಾದವು ಆಲ್ಫಾ ಮತ್ತು ಬೀಟಾ ಸ್ಯಾಂಟಲಾಲ್ ಎಂಬ ಎರಡು ದ್ರವ್ಯಗಳು. ಚರ್ಮದ ಜೀವಕೋಶಗಳನ್ನು ಕೃತಕವಾಗಿ ಕೆರಳಿಸಿ, ಅವುಗಳ ಮೇಲೆ ಈ ದ್ರವ್ಯಗಳನ್ನು ಪ್ರಯೋಗಿಸಿದಾಗ, ಉರಿಯೂತವನ್ನು ಹೆಚ್ಚಿಸುವ ಪ್ರೋಸ್ಟಗ್ಲಾಂಡಿನ್ ಮೊದಲಾದ ವಸ್ತುಗಳ ಉತ್ಪತ್ತಿ ತಗ್ಗಿದುದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿದೆ. ಇಲಿಗಳಲ್ಲಿ ನೋವಿನ ಪ್ರತಿಕ್ರಿಯೆ ಕುಗ್ಗಿದುದನ್ನೂ ಸಂಶೋಧಕರು ದಾಖಲಿಸಿದ್ದಾರೆ. ಆದರೆ ಗಾಜಿನ ತಟ್ಟೆಯ ಜೀವಕೋಶ ಮನುಷ್ಯನಲ್ಲ, ಇಲಿಯೂ ಮನುಷ್ಯನಲ್ಲ. ಕೀಲುನೋವಿಗೆ ಇದೇ ಮದ್ದೆಂದು ಸಾರಿ ಮಾರುವವರ ಮಾತನ್ನು ಇಷ್ಟರಿಂದಲೇ ನಂಬಲಾಗದು. ಶುದ್ಧ ಎಣ್ಣೆಯನ್ನು ನೇರವಾಗಿ ಹಚ್ಚಿದರೆ ಕೆಲವರ ಚರ್ಮ ಕೆರಳುವುದೂ ಉಂಟು.

ರೋಗ, ನಾಡಿ, ಮದ್ದುಗಳ ಪರಿಭಾಷೆಯನ್ನು ವಚನಕ್ಕೆ ತಂದ ವೈದ್ಯ ಸಂಗಣ್ಣನ ಪರಂಪರೆ ನಮ್ಮದು. ರೋಗವನ್ನರಿತು ಮದ್ದು ಕೊಡುವುದು ವೈದ್ಯನ ಧರ್ಮ. ಹೆಸರನ್ನು ಕೇಳಿ ಮದ್ದು ಕೊಳ್ಳುವುದು ಮರುಳು. ಗಂಧದ ಚರಿತ್ರೆ ಕಲಿಸುವುದು ಇದನ್ನೇ. 2001ರ ಅರಣ್ಯ ಕಾಯಿದೆಯ ತಿದ್ದುಪಡಿಯ ತರುವಾಯ ನಮ್ಮ ರಾಜ್ಯದ ರೈತನು ತನ್ನ ಹೊಲದಲ್ಲಿ ಬೆಳೆದ ಗಂಧದ ಮರಕ್ಕೆ ತಾನೇ ಒಡೆಯನಾಗಿದ್ದಾನೆ. ಮರ ಹೊಲಕ್ಕೆ ಮರಳಿದಂತೆ ಅದರ ಔಷಧಗುಣದ ಮಾತೂ ಪರೀಕ್ಷೆಯ ಸಾಣೆಗೆ ಮರಳಬೇಕು. ತೇದಷ್ಟೂ ಕಂಪು ಹೆಚ್ಚುವ ವಸ್ತುವಿಗೆ ಆ ಸಾಣೆಯ ಭಯವೇಕೆ?